ಹಸಿ ತಪ್ಪಲು ಮಿಕ್ಸರಿಗೆ ಹೋಗುವ ಮುನ್ನ

ರೊಟ್ಟಿಯ ಪಕ್ಕ ಹಸಿ ಮೆಂತೆ, ಹಕ್ಕರಕಿ, ಮೂಲಂಗಿ ತಪ್ಪಲು ಇಟ್ಟುಕೊಂಡು ಉಣ್ಣುವ ವಿಜಯಪುರದವರಿಗೆ ಹಸಿ ಎಲೆ ಹೊಸದೇನಲ್ಲ. ಅದೇ ತಪ್ಪಲು ಮುಂಜಾನೆ ಗ್ಲಾಸಿನೊಳಗೆ ಬಂದರೆ ಸ್ಮೂದಿ. ಆದರೆ ಪಲ್ಯಕ್ಕೆಂದು ಬೆಳೆದದ್ದನ್ನೆಲ್ಲ ಹಾಗೇ ಮಿಕ್ಸರಿಗೆ ಹಾಕಲು ಬರುವುದಿಲ್ಲ. ಕುಂಡದಲ್ಲಿ ಆದ ಎಷ್ಟೋ ತಪ್ಪು ಒಲೆಯ ಮೇಲೆ ಬೆಂದು ಹೋಗುತ್ತವೆ. ಮಿಕ್ಸರ್ ರುಬ್ಬುತ್ತದೆ, ರೋಗಾಣು ಕೊಲ್ಲುವುದಿಲ್ಲ.

ಆದ್ದರಿಂದ ಸ್ಮೂದಿಗೆಂದೇ ಎರಡು ಕುಂಡ ಬೇರೆ ಇಡಿ. ಅವಕ್ಕೆ ಸಗಣಿ ನೀರು, ಜೀವಾಮೃತ (ಸಗಣಿ, ಗೋಮೂತ್ರ ಕೊಳೆಸಿದ ದ್ರಾವಣ) ಯಾವುದೂ ಬೇಡ. ಪೂರ್ತಿ ಕಳಿತ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಸಾಕು. ನಮ್ಮ ಎರಿ (ಕಪ್ಪು) ಮಣ್ಣನ್ನೇ ತುಂಬಿದರೆ ನೀರು ಕುಡಿದು ಉಬ್ಬಿ, ಒಣಗಿದಾಗ ಬಿರಿದು ಬೇರು ಹರಿಯುತ್ತದೆ. ಮಣ್ಣು, ಮರಳು, ಗೊಬ್ಬರ ಸಮಪಾಲು ಕಲಸಿ. ಪಾಲಕ್ ಬೀಜ ರಾತ್ರಿಯಿಡೀ ನೆನೆಸಿ, 1 ಸೆಂ.ಮೀ. ಆಳಕ್ಕೆ, ನಾಲ್ಕು ಬೆರಳು ಅಂತರದಲ್ಲಿ ಊರಿ. ತಿಂಗಳೊಪ್ಪತ್ತಿಗೆ ಹೊರಗಿನ ಎಲೆ ಕೊಯ್ಯಬಹುದು; ನಡುವಿನ ಸುಳಿ ಮುಟ್ಟಬೇಡಿ, ಮತ್ತೆ ಚಿಗುರುತ್ತದೆ. ಬೇಗ ಬರಲಿ ಎಂದು ಯೂರಿಯಾ ಹಾಕಿದರೆ ಎಲೆಯಲ್ಲಿ ನೈಟ್ರೇಟ್ ಕೂಡಿಕೊಳ್ಳುತ್ತದೆ.

ದಸರಾ ಮುಗಿದ ಮೇಲೆ ಹಾಕಿದ ಪಾಲಕ್ ಶಿವರಾತ್ರಿಯವರೆಗೆ ಸುಖವಾಗಿ ಬರುತ್ತದೆ. ಮುಂದೆ ಬಿಸಿಲು 40 ಡಿಗ್ರಿ ಮುಟ್ಟುವಾಗ ಎಲೆ ಒರಟಾಗುತ್ತದೆ. ನೆರಳು ಬಲೆ ಕಟ್ಟಿ, ಇಲ್ಲವೆ ರಾಜಗಿರಿ ಸೊಪ್ಪು ಬೆಳೆಯಿರಿ. ರಾಜಗಿರಿಯನ್ನು ಮಾತ್ರ ಹಸಿದಾಗಿ ಹಾಕಬೇಡಿ. ಕುದಿಯುವ ನೀರಿಗೆ ಒಂದು ನಿಮಿಷ ಹಾಕಿ ತೆಗೆದು, ಆ ನೀರು ಚೆಲ್ಲಿ. ಅದರಲ್ಲಿರುವ, ಮೂತ್ರಪಿಂಡದಲ್ಲಿ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಒಂದಷ್ಟು ನೀರಿನ ಜೊತೆಗೇ ಹೋಗುತ್ತದೆ. ಪಾಲಕ್‌ನಲ್ಲೂ ಅದು ಹೆಚ್ಚು. ಮೂತ್ರಪಿಂಡದ ಕಲ್ಲು ಆದವರು ಈ ಗ್ಲಾಸು ಬಿಡುವುದೇ ಲೇಸು. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು, ಸೊಪ್ಪಿನ ವಿಟಮಿನ್ ಕೆ ಗುಳಿಗೆಯ ಕೆಲಸಕ್ಕೆ ಅಡ್ಡ ಬರುತ್ತದೆ.

ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿ ಎಲೆಯ ತುದಿ ಸುಟ್ಟಂತಾದರೆ ಬೋರಿನ ಸವಳು ನೀರಿನ ಕೆಲಸ. ತಿಂಗಳಿಗೊಮ್ಮೆ ಹಿಡಿದಿಟ್ಟ ಮಳೆ ನೀರನ್ನೋ ನಳದ ಸಿಹಿ ನೀರನ್ನೋ ತಳದಿಂದ ಧಾರಾಳ ಹರಿಯುವವರೆಗೆ ಹಾಕಿ. ಎಲೆಯ ಮೇಲೆ ಹಾವಿನಂತೆ ಡೊಂಕು ಬಿಳಿ ಗೆರೆ ಕಂಡರೆ ಹುಳ ಎಲೆಯ ಎರಡು ಪದರದ ನಡುವೆಯೇ ಇರುತ್ತದೆ. ಅದು ತೊಳೆದರೆ ಹೋಗುವಂಥದ್ದಲ್ಲ, ಎಲೆಯನ್ನೇ ಕಿತ್ತು ಎಸೆಯಿರಿ.

ತೊಳೆಯುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ ಸೊಪ್ಪು ಅದ್ದಿ ಅಲುಗಾಡಿಸಿ, ಆಮೇಲೆ ಸೊಪ್ಪನ್ನು ಮೇಲೆತ್ತಿ. ನೀರು ಬಗ್ಗಿಸಿದರೆ ತಳಕ್ಕೆ ಕೂತ ಮಣ್ಣು ಮರಳಿ ಸೊಪ್ಪಿನ ಮೇಲೇ ಬೀಳುತ್ತದೆ. ನೀರು ಬದಲಿಸಿ ಮೂರು ಸಲ. ಬೆರಳಾಡಿಸಿದರೆ ತಳದಲ್ಲಿ ಮರಳು ಸಿಕ್ಕಿತೋ, ನಾಲ್ಕನೆಯ ಸಲ.

ನಾಲ್ಕು ಗ್ಲಾಸಿಗೆ ಲೆಕ್ಕ: ದಂಟು ತೆಗೆದ ಪಾಲಕ್ 60 ಗ್ರಾಂ (ಎರಡು ಸಡಿಲ ಹಿಡಿ), ಹುರಿದ ಶೇಂಗಾ ಎರಡು ಚಮಚ, ಹಣ್ಣಾದ ಬಾಳೆಹಣ್ಣು ಎರಡು, ಬೀಜವಿಲ್ಲದ ಹಸಿರು ದ್ರಾಕ್ಷಿ ಒಂದು ಬಟ್ಟಲು, ಮೊಸರು 200 ಮಿ.ಲೀ., ತಣ್ಣನೆಯ ನೀರು 200 ಮಿ.ಲೀ., ಅರ್ಧ ಲಿಂಬಿ. ದ್ರಾಕ್ಷಿ ಸುಗ್ಗಿ ಮುಗಿದರೆ ಚಿಕ್ಕು ಅಥವಾ ಬೀಜ ತೆಗೆದ ಪೇರಲ. ಮೆಂತೆ ಹಾಕುವ ಆಸೆಯಿದ್ದರೆ ಹತ್ತು ಎಲೆ ಸಾಕು, ಹಿಡಿಗಟ್ಟಲೆ ಹಾಕಿದರೆ ಕಹಿಯನ್ನು ಯಾವ ಬೆಲ್ಲವೂ ಮರೆಸುವುದಿಲ್ಲ.

ಮೊದಲು ನೀರು, ಸೊಪ್ಪು, ಶೇಂಗಾ ಮಾತ್ರ ಹಾಕಿ 40 ಸೆಕೆಂಡ್ ಜೋರಾಗಿ ತಿರುಗಿಸಿ. ಎಲ್ಲ ಒಟ್ಟಿಗೆ ಹಾಕಿದರೆ ಬ್ಲೇಡು ಹಣ್ಣಿನಲ್ಲಿ ಸಿಕ್ಕಿಕೊಂಡು ಎಲೆ ಮೇಲೇ ತೇಲುತ್ತದೆ, ಕುಡಿಯುವಾಗ ಗಂಟಲಿಗೆ ನಾರು. ಜಾರಿನ ಗೋಡೆಗೆ ಅಂಟಿದ್ದನ್ನು ಕೆಳಗೆ ಸರಿಸಿ ಇನ್ನೊಂದು ಸುತ್ತು ಹಾಕಿ. ಬಳಿಕ ಹಣ್ಣು, ಅರ್ಧ ನಿಮಿಷ. ಮೊಸರು ಕಡೆಗೆ, ಎರಡು ಮೂರು ಸಲ ಬಿಟ್ಟು ಬಿಟ್ಟು ತಿರುಗಿಸಿದರೆ ಮುಗಿಯಿತು. ಕೆನೆಗಟ್ಟಿದ ಎಮ್ಮೆ ಮೊಸರನ್ನು ಬಹಳ ಹೊತ್ತು ತಿರುಗಿಸಿದರೆ ಗ್ಲಾಸಿನ ಮೇಲೆ ಬೆಣ್ಣೆಯ ಕಾಳು ತೇಲುತ್ತವೆ. ಸ್ಮೂದಿ ಕೆಟ್ಟಿಲ್ಲ, ಮಜ್ಜಿಗೆ ಕಡೆದಂತಾಗಿದೆ ಅಷ್ಟೇ. ಲಿಂಬಿ ಗ್ಲಾಸಿಗೆ ಹಾಕಿದ ಮೇಲೆ ಹಿಂಡಿ. ಮೊಸರಿನ ಬದಲು ಹಾಲು ಹಾಕಿದ ದಿನ ಲಿಂಬಿ ಬಿಡಿ, ಒಡೆಯುತ್ತದೆ. ಬೆನ್ನಿಗೇ ಚಹಾ ಕುಡಿಯುವ ರೂಢಿ ಇದ್ದವರು ಒಂದು ತಾಸು ತಡೆಯಬೇಕು. ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಲಿಂಬಿ ನೆರವಾದರೆ ಚಹಾ ಅದನ್ನು ತಡೆಯುತ್ತದೆ.

ಬಾಗಲಕೋಟೆ ಕಡೆಯ ಒಳ್ಳೆಯ ದಾಳಿಂಬೆ ಮನೆಯಲ್ಲಿದ್ದರೆ ಅದನ್ನೂ ಹಾಕಿಬಿಡೋಣ ಎನಿಸುತ್ತದೆ. ಹಾಕಬೇಡಿ. ಕೆಂಪು ಹಸಿರು ಕೂಡಿ ಮಳೆಗಾಲದ ಎರಿ ಹೊಲದ ಬಣ್ಣ ಬರುತ್ತದೆ, ಬೀಜದ ಚೂರು ಹಲ್ಲಿಗೆ ಸಿಗುತ್ತದೆ, ಹುಡುಗರು ಗ್ಲಾಸು ಮುಟ್ಟುವುದಿಲ್ಲ. ಕಾಳು ಬಿಡಿಸಿ ಪಕ್ಕದಲ್ಲಿ ಒಂದು ವಾಟಗದಾಗ ಇಡಿ, ಅದು ಮೊದಲು ಖಾಲಿಯಾಗುತ್ತದೆ.