ಬೂದು ಅಕ್ಷರ, ಬಗ್ಗಿದ ಕತ್ತು

ಅಕ್ಷರದ ಗಾತ್ರ, ಬಣ್ಣ, ಅಂತರ ಇವೆಲ್ಲ ಪರದೆಯ ಪುಟಗಳನ್ನು ರೂಪಿಸುವ ನನ್ನಂಥ ವಿನ್ಯಾಸಕರ ತಲೆನೋವು, ಕುರ್ಚಿ, ಮೇಜು, ದೀಪ ಇವೆಲ್ಲ ಆಡಳಿತ ವಿಭಾಗದ ತಲೆನೋವು ಎಂಬ ಹಂಚಿಕೆ ನಮ್ಮ ಕಚೇರಿಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಎತ್ತರ ಸರಿಪಡಿಸಲು ಬಾರದ ಕುರ್ಚಿಯ ಬಗ್ಗೆ ದೂರಿನ ಟಿಕೆಟ್ ಹಾಕಿದರೆ ‘ಅನುಮೋದನೆಗೆ ಕಳುಹಿಸಲಾಗಿದೆ’ ಎಂಬ ಉತ್ತರ ಬಂದು ವಿಷಯ ಅಲ್ಲಿಗೇ ನಿಲ್ಲುತ್ತದೆ. ನೋಂದಣಿ ಫಾರ್ಮ್ ಒಂದರ ಡೆಮೊ ಕೆಟ್ಟ ದಿನದಿಂದ ಈ ಹಂಚಿಕೆಯಲ್ಲಿ ನನಗೆ ನಂಬಿಕೆ ಉಳಿದಿಲ್ಲ.

ಆ ಫಾರ್ಮ್ ಅನ್ನು ಸ್ಪ್ರಿಂಟ್‌ನ, ಅಂದರೆ ಕೆಲಸ ಮುಗಿಸಲು ತಂಡ ಹಾಕಿಕೊಳ್ಳುವ ಕಿರು ಅವಧಿಯ, ಕೊನೆಯ ದಿನಗಳಲ್ಲಿ, ಹೆಚ್ಚಾಗಿ ರಾತ್ರಿ ಹೊತ್ತಿನಲ್ಲಿ, ಕೋಣೆಯ ದೀಪ ಆರಿಸಿಕೊಂಡು ಸಿದ್ಧಪಡಿಸಿದ್ದೆ. ‘ಹಗುರವಾಗಿ, ಪ್ರೀಮಿಯಂ ಆಗಿ ಕಾಣಬೇಕು’ ಎಂದು ಬ್ರೀಫ್‌ನಲ್ಲಿ ಇದ್ದುದರಿಂದ ಲೇಬಲ್‌ಗಳನ್ನೆಲ್ಲ ತೆಗೆದು, ಅವುಗಳ ಕೆಲಸವನ್ನು ಏನು ಬರೆಯಬೇಕೆಂದು ಪೆಟ್ಟಿಗೆಯೊಳಗೇ ಸೂಚಿಸುವ ಮಸುಕು ಅಕ್ಷರಕ್ಕೆ, ಅಂದರೆ ಪ್ಲೇಸ್‌ಹೋಲ್ಡರ್‌ಗೆ, ವಹಿಸಿ, ಅದಕ್ಕೆ 12 ಪಿಕ್ಸೆಲ್ ಗಾತ್ರವನ್ನೂ #999999 ಎಂಬ ಬೂದು ಬಣ್ಣವನ್ನೂ ಕೊಟ್ಟಿದ್ದೆ. ಕತ್ತಲ ಕೋಣೆಯಲ್ಲಿ, ಫಿಗ್ಮಾ ಎಂಬ ವಿನ್ಯಾಸ ತಂತ್ರಾಂಶದ 200% ಝೂಮ್‌ನಲ್ಲಿ ಅದು ನಿಜಕ್ಕೂ ಸೊಗಸಾಗಿಯೇ ಕಾಣುತ್ತಿತ್ತು.

ಡೆಮೊ ನಡೆದದ್ದು ದೊಡ್ಡ ಕಿಟಕಿಗಳಿದ್ದ ಮೀಟಿಂಗ್ ಕೋಣೆಯಲ್ಲಿ. ಪರದೆಯ ಮೇಲೆ ಬಿಳಿ ಪುಟವೂ ಖಾಲಿ ಪೆಟ್ಟಿಗೆಗಳ ತೆಳು ಗೆರೆಗಳೂ ಬಿಟ್ಟರೆ ಬೇರೇನೂ ಕಾಣಲಿಲ್ಲ. ಕ್ಲೈಂಟ್ ಕಡೆಯ ಹಿರಿಯ ಅಧಿಕಾರಿಯೊಬ್ಬರು ಕನ್ನಡಕವನ್ನು ಒಮ್ಮೆ ತೆಗೆದು, ಮತ್ತೆ ಹಾಕಿಕೊಂಡು, “ಇಲ್ಲಿ ಏನು ಬರೀಬೇಕು ಅಂತ ಎಲ್ಲಿದೆ?” ಎಂದು ಕೇಳಿದರು. “ಪ್ರೊಜೆಕ್ಟರ್ ಹಳೇದು ಮೇಡಂ, ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಕಾಣುತ್ತೆ” ಎಂದು ನಾನು ಥಟ್ಟನೆ ಹೇಳಿದೆ. ನಮ್ಮ ಮ್ಯಾನೇಜರ್ ತಲೆಯಾಡಿಸಿದರು. ಆ ಅಧಿಕಾರಿ ಲಿಂಕ್ ಕೇಳಿ ಪಡೆದು, ಕಿಟಕಿಯ ಪಕ್ಕದಲ್ಲಿದ್ದ ತಮ್ಮ ಲ್ಯಾಪ್‌ಟಾಪ್‌ನಲ್ಲೇ ಫಾರ್ಮ್ ತೆರೆದು, ಮುಖವನ್ನು ಪರದೆಯ ಹತ್ತಿರಕ್ಕೆ ತಂದು, ನಿಧಾನವಾಗಿ ತುಂಬತೊಡಗಿದರು. ಎರಡು ಸಂಖ್ಯೆಗಳನ್ನು ತುಂಬಿದ ಮೇಲೆ ಅವರ ಬೆರಳು ನಿಂತಿತು. ಮೇಲಿನದು ಮೊಬೈಲ್ ಸಂಖ್ಯೆಯೋ ಕೆಳಗಿನದೋ ಎಂದು ಖಚಿತಪಡಿಸಿಕೊಳ್ಳಬೇಕಿತ್ತು, ಆದರೆ ಅಂಕಿ ಬಿದ್ದೊಡನೆ ಪ್ಲೇಸ್‌ಹೋಲ್ಡರ್ ಮಾಯವಾಗಿತ್ತು. ಬರೆದದ್ದನ್ನು ಒಂದೊಂದೇ ಅಂಕಿಯಾಗಿ ಅಳಿಸಿ, ಮಸುಕು ಅಕ್ಷರ ಮರಳಿ ಬಂದದ್ದನ್ನು ಓದಿ, ಮತ್ತೆ ಅದನ್ನೇ ಟೈಪ್ ಮಾಡಿದರು. ಅಷ್ಟು ಹೊತ್ತೂ ಯಾರೂ ಮಾತನಾಡಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ನಮ್ಮ ಡೆವಲಪರ್ ಪುಟದ ಒಳವಿವರ ತೋರಿಸುವ ಬ್ರೌಸರ್‌ನ ಇನ್ಸ್‌ಪೆಕ್ಟ್ ತೆರೆದು, ಪರದೆಯನ್ನು ನನ್ನ ಕಡೆಗೆ ತುಸುವೇ ತಿರುಗಿಸಿದ. ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅನುಪಾತ, ಎಂಬಲ್ಲಿ 2.85 ಎಂದಿತ್ತು.

ಅಂಗವಿಕಲರೂ ಸೇರಿ ಎಲ್ಲರೂ ವೆಬ್ ಪುಟ ಬಳಸುವಂತಿರಬೇಕು ಎನ್ನುವ ಡಬ್ಲ್ಯೂಸಿಎಜಿ ನಿಯಮಗಳ ಎಎ (ಮಧ್ಯಮ) ಮಟ್ಟಕ್ಕೆ ಸಾಮಾನ್ಯ ಗಾತ್ರದ ಅಕ್ಷರಗಳಿಗೆ 4.5:1, ದೊಡ್ಡ ಅಕ್ಷರಗಳಿಗೆ 3:1 ಅನುಪಾತವಾದರೂ ಬೇಕು. ಪ್ಲೇಸ್‌ಹೋಲ್ಡರ್ ಇದಕ್ಕೆ ಹೊರತಲ್ಲ. ಬಿಳಿಯ ಮೇಲೆ #777777 ಎಂಬ ಗಾಢ ಬೂದು ಕೂಡ 4.48ರಲ್ಲಿ ಕೂದಲೆಳೆಯ ಅಂತರದಿಂದ ಸೋಲುತ್ತದೆ, #767676 ದಾಟುತ್ತದೆ. ಈ ಅಂಕಿಗಳು ನನಗೆ ಮೊದಲೇ ಗೊತ್ತಿದ್ದವು. ಗೊತ್ತಿದ್ದೂ ಕಣ್ಣನ್ನು ನಂಬಿದ್ದೆ, ಕಣ್ಣು ಕೋಣೆಯನ್ನು ನಂಬಿತ್ತು. ಕತ್ತಲಲ್ಲಿ ಪರದೆಯ ಮೇಲೆ ಹೊರಗಿನ ಬೆಳಕು ಬೀಳದೆ ಇರುವುದರಿಂದ ತೆಳು ಬೂದು ಕೂಡ ಎದ್ದು ಕಾಣುತ್ತದೆ. ಹಗಲು ಬೆಳಕು ಪರದೆಗೆ ಬಡಿದೊಡನೆ ಗಾಢ ಭಾಗಗಳು ಮಾಸಿ, ಬೂದಿಗೂ ಬಿಳಿಗೂ ಇದ್ದ ವ್ಯತ್ಯಾಸವೇ ಕರಗಿಹೋಗುತ್ತದೆ.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು 12 ಪಿಕ್ಸೆಲ್. ಲ್ಯಾಪ್‌ಟಾಪ್ ಅನ್ನು ಮೇಜಿನ ಮೇಲೆ ಹಾಗೆಯೇ ಇಟ್ಟುಕೊಂಡು, ಕತ್ತು ಬಗ್ಗಿಸಿ, ಮೂಗು ಪರದೆಗೆ ತಾಗುವಷ್ಟು ಹತ್ತಿರ ಕೂತವನಿಗೆ 12 ಪಿಕ್ಸೆಲ್ ಚಿಕ್ಕದೆನಿಸುವುದಿಲ್ಲ. ಲ್ಯಾಪ್‌ಟಾಪ್‌ನ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿರುವ ತನಕ ಕೈಗೆ ಹೊಂದಿದ ಎತ್ತರ ಕತ್ತಿಗೆ ಹೊಂದುವುದಿಲ್ಲ. ಬೇರೆ ಕೀಲಿಮಣೆ, ಮೌಸ್ ಜೋಡಿಸಿ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಕ್ಕೆ ಬರುವಂತೆ ಎತ್ತರಿಸಿ, ತೋಳು ಚಾಚಿದಷ್ಟು ದೂರಕ್ಕೆ ಸರಿಸಿದ ದಿನವೇ ನನ್ನ ಹಳೆಯ ಫೈಲ್‌ಗಳ ಅರ್ಧದಷ್ಟು ಪುಟಗಳು ನನಗೇ ಓದಲು ಕಷ್ಟವಾದವು. ಬ್ರೌಸರ್‌ಗಳು ಡೀಫಾಲ್ಟ್ ಆಗಿ 16 ಪಿಕ್ಸೆಲ್ ಇಟ್ಟಿರುವುದರಲ್ಲಿ ಅರ್ಥವಿದೆ ಎಂದು ಭುಜದ ನೋವು ಇಳಿದ ಮೇಲೆ ಒಪ್ಪಿಕೊಂಡೆ. ಹತ್ತಿರದ ನೋಟಕ್ಕೆ ಕೆಳಭಾಗದಲ್ಲಿ ಬೇರೆ ಪವರ್ ಇರುವ ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಹಾಕುವವರು ಮಾತ್ರ ಪರದೆಯನ್ನು ಇನ್ನಷ್ಟು ಕೆಳಗಿಡಬೇಕು. ಇಲ್ಲದಿದ್ದರೆ ಗಲ್ಲ ಮೇಲೆತ್ತಿಯೇ ಓದಬೇಕಾಗುತ್ತದೆ.

ಹೊಳಪನ್ನು ಈಗ ಒಂದು ಬಿಳಿ ಹಾಳೆಯಿಂದ ಅಳೆಯುತ್ತೇನೆ. ಹಾಳೆಯನ್ನು ಪರದೆಯ ಪಕ್ಕದಲ್ಲಿ ಹಿಡಿದಾಗ ಪರದೆಯ ಬಿಳಿ ದೀಪದಂತೆ ಉರಿದರೆ ಹೊಳಪು ಹೆಚ್ಚಾಗಿದೆ, ಮಂಕಾಗಿ ಕಂಡರೆ ಕಡಿಮೆಯಾಗಿದೆ. ಕಿಟಕಿ ಬೆನ್ನಿಗೂ ಇರಬಾರದು, ಎದುರಿಗೂ ಇರಬಾರದು, ಪಕ್ಕಕ್ಕೆ ಇರಬೇಕು. ಬಣ್ಣ ಆರಿಸುವಾಗ ರಾತ್ರಿ ಪರದೆಯನ್ನು ಹಳದಿಗೆ ತಿರುಗಿಸುವ ನೈಟ್ ಲೈಟ್ ಆಫ್ ಆಗಿರಲೇಬೇಕು. ಅದು ಪರದೆಯ ನೀಲಿಯನ್ನು ತಗ್ಗಿಸುವುದರಿಂದ, ರಾತ್ರಿ ಶುದ್ಧ ಬೂದು ಎಂದು ನಾನು ಆರಿಸಿದ್ದ ಹಿನ್ನೆಲೆಯೊಂದು ಹಗಲಿನಲ್ಲಿ ತಿಳಿನೀಲಿಯಾಗಿತ್ತು, ಮತ್ತು ಅದನ್ನು ‘ಉದ್ದೇಶಪೂರ್ವಕ’ ಎಂದು ರಿವ್ಯೂನಲ್ಲಿ ಸಮರ್ಥಿಸಿಕೊಂಡದ್ದೂ ಆಗಿತ್ತು.

ಮೊಣಕೈ ಹೆಚ್ಚುಕಡಿಮೆ ಲಂಬಕೋನದಲ್ಲಿರಲಿ, ಪಾದ ನೆಲಕ್ಕೆ ಪೂರ್ತಿ ಊರಲಿ ಎಂಬ ಮಾತು ಎಲ್ಲರೂ ಕೇಳಿದ್ದೇ. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. 20 ನಿಮಿಷಕ್ಕೊಮ್ಮೆ 20 ಸೆಕೆಂಡು 20 ಅಡಿ ದೂರಕ್ಕೆ ನೋಡುವ ಅಭ್ಯಾಸ ಕಣ್ಣಿಗೆ ಬಿಡುವು ಕೊಡಲೆಂದು ಇರುವುದು. ಮಣಿಕಟ್ಟಿನ ನೋವಿಗೆ ಮಾತ್ರ ಇನ್ನೊಂದು ಉಪಯೋಗವಿದೆ: ನಾನೇ ಬರೆದ ಪುಟ್ಟ ‘ಮುಚ್ಚು’ ಗುರುತನ್ನು ಹಿಡಿಯಲು ಮೌಸ್ ತಡಕಾಡಿದಾಗ ಅದು ಮೊದಲು ದೂರು ಕೊಡುತ್ತದೆ. 2023ರ ಡಬ್ಲ್ಯೂಸಿಎಜಿ 2.2, ಕೆಲವು ವಿನಾಯಿತಿಗಳೊಂದಿಗೆ, ಒತ್ತುವ ಜಾಗಕ್ಕೆ ಕನಿಷ್ಠ 24×24 ಪಿಕ್ಸೆಲ್ ಕೇಳುತ್ತದೆ.

ಫಾರ್ಮ್‌ನಲ್ಲಿ ಈಗ ಲೇಬಲ್‌ಗಳು ಪೆಟ್ಟಿಗೆಯ ಮೇಲೆ, ಗಾಢ ಬಣ್ಣದಲ್ಲಿ, 16 ಪಿಕ್ಸೆಲ್‌ನಲ್ಲಿ ಇವೆ. ಪೆಟ್ಟಿಗೆಯ ಗೆರೆಯೂ 3:1 ದಾಟುತ್ತದೆ. ಫಾರ್ಮ್ ಉದ್ದವಾಯಿತೆಂದು ಮ್ಯಾನೇಜರ್ ಗೊಣಗಿದರು. ಅದನ್ನು ಎರಡು ಹಂತಗಳಾಗಿ ಒಡೆದೆವು; ಮೊದಲ ಹಂತದಲ್ಲಿ ಹೆಸರು ಮತ್ತು ಮೊಬೈಲ್ ಮಾತ್ರ ಉಳಿಯಿತು.