ದೇವರ ರಾಜ್ಯ ಸಮಾಧಾನದ್ದಾದರೆ ಖಡ್ಗದ ಮಾತೇಕೆ?

ದೇವರ ರಾಜ್ಯದ ಲಕ್ಷಣ ಸಮಾಧಾನ ಎನ್ನುವುದಾದರೆ, ಮತ್ತಾಯನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸು ತಾನು ಸಮಾಧಾನವನ್ನಲ್ಲ, ಖಡ್ಗವನ್ನು ತಂದೆನೆಂದು ಹೇಳಿದ್ದೇಕೆ ಎಂದು ಹಲವರು ನನ್ನನ್ನು ಕೇಳುತ್ತಾರೆ.

ಖಡ್ಗದ ಒಗಟು ಅಷ್ಟು ಕಠಿಣವಲ್ಲ. ಇದೇ ಮಾತು ಲೂಕನ ಸುವಾರ್ತೆಯಲ್ಲಿ ಬರುವಾಗ ಖಡ್ಗದ ಜಾಗದಲ್ಲಿ ಭೇದ ಎಂದಿದೆ. ನಂಬಿದವನು ತನ್ನ ಮನೆಯವರಿಂದಲೇ ಪಡುವ ವಿರೋಧವನ್ನು ಅದು ಸೂಚಿಸುತ್ತದೆ. ನಿಜವಾದ ಕತ್ತಿ ಹಿರಿದ ಶಿಷ್ಯನಿಗೆ ಯೇಸು ಅದನ್ನು ಒರೆಗೆ ಸೇರಿಸೆಂದೇ ಹೇಳಿದನು.

ಕಷ್ಟವಿರುವುದು ಸಮಾಧಾನ ಎಂಬ ಪದದಲ್ಲಿ. ನಮ್ಮ ಮನೆಗಳಲ್ಲಿ 'ಸಮಾಧಾನ ಮಾಡಿಕೋ' ಎಂಬ ಮಾತು ಸಾಮಾನ್ಯವಾಗಿ ನೊಂದವರಿಗೇ ಹೇಳುವಂಥದ್ದು, ನೋಯಿಸಿದವರಿಗಲ್ಲ. ಬೈಬಲಿನಲ್ಲಿ ಸಮಾಧಾನ ಎಂದು ಅನುವಾದವಾಗುವ ಹೀಬ್ರೂ ಭಾಷೆಯ ಶಾಲೋಮ್‌ಗೆ ಕೊರತೆಯಿಲ್ಲದ ಇಡಿತನ, ಕ್ಷೇಮ ಎಂಬ ಅರ್ಥವಿದೆ. ನೊಂದವರು ಸುಮ್ಮನಾದ ಮಾತ್ರಕ್ಕೆ ಅದು ಬಂದಂತಾಗುವುದಿಲ್ಲ.

ಅಪೊಸ್ತಲನಾದ ಪೌಲನು ಸುಮಾರು ಕ್ರಿ.ಶ. 57ರಲ್ಲಿ ರೋಮಿನ ಸಭೆಗೆ, ಅಂದರೆ ಅಲ್ಲಿನ ಕ್ರೈಸ್ತರಿಗೆ, ಬರೆದ ಪತ್ರ ಇದನ್ನು ಊಟದ ಪಂಕ್ತಿಗೇ ತಂದು ನಿಲ್ಲಿಸುತ್ತದೆ. ಆ ಸಭೆಯಲ್ಲಿ ಕೆಲವರು ಎಲ್ಲವನ್ನೂ ತಿನ್ನುತ್ತಿದ್ದರು, ಕೆಲವರು ಕಾಯಿಪಲ್ಯವನ್ನು ಮಾತ್ರ. ತಿನ್ನುವವರು ತಿನ್ನದವರನ್ನು ಹೀನಾಯವಾಗಿ ಕಂಡರೆ, ತಿನ್ನದವರು ತಿನ್ನುವವರಿಗೆ ತೀರ್ಪು ಕೊಡುತ್ತಿದ್ದರು. (ಪಂಕ್ತಿಯ ಜಗಳವನ್ನು ಕನ್ನಡ ಓದುಗರಿಗೆ ವಿವರಿಸಬೇಕಾಗಿಲ್ಲ.) ದೇವರ ರಾಜ್ಯವು ತಿನ್ನುವುದರಲ್ಲಾಗಲಿ ಕುಡಿಯುವುದರಲ್ಲಾಗಲಿ ಇಲ್ಲ, ನೀತಿ, ಸಮಾಧಾನ ಮತ್ತು ಪವಿತ್ರಾತ್ಮನಲ್ಲಿರುವ ಆನಂದದಲ್ಲಿದೆ ಎಂದು 14ನೆಯ ಅಧ್ಯಾಯದಲ್ಲಿ ಅವನು ಹೇಳುವುದು ಈ ಜಗಳದ ನಡುವೆಯೇ. ಮೂರರಲ್ಲಿ ನೀತಿ ಮೊದಲು ಬರುವುದನ್ನು ಗಮನಿಸಬೇಕು. ಯಾವ ಆಹಾರವೂ ಸ್ವತಃ ಅಶುದ್ಧವಲ್ಲವೆಂದು ತಿನ್ನುವವರ ವಾದವನ್ನು ಒಪ್ಪಿದ ಮೇಲೂ, ತಮ್ಮ ಹಕ್ಕನ್ನು ಬಿಟ್ಟುಕೊಡಬೇಕೆಂದು ಪೌಲನು ಕೇಳುವುದು ಅವರನ್ನೇ, ನಂಬಿಕೆಯಲ್ಲಿ ಬಲವುಳ್ಳವರನ್ನೇ. ದುರ್ಬಲನು ಹೊಂದಿಕೊಳ್ಳಲಿ ಎಂದು ಅವನು ಬರೆಯಲಿಲ್ಲ.

ಈ ಪತ್ರ ತಲುಪಿದ ನಗರದಲ್ಲಿ ಶಾಂತಿದೇವತೆಗೊಂದು ಬಲಿಪೀಠವೇ ಇತ್ತು. ಸ್ಪೇನ್, ಗಾಲ್ ಪ್ರಾಂತ್ಯಗಳನ್ನು ಹತೋಟಿಗೆ ತಂದು ಮರಳಿದ ಅಗಸ್ಟಸ್ ಚಕ್ರವರ್ತಿಯ ಗೌರವಕ್ಕಾಗಿ ಕಟ್ಟಿಸಿ, ಕ್ರಿ.ಪೂ. 9ರಲ್ಲಿ ಪ್ರತಿಷ್ಠಾಪಿಸಿದ್ದು ಅದು. ಅಲ್ಲಿ ಸೋತವರ ಮೌನಕ್ಕೆ ಶಾಂತಿಯೆಂದು ಹೆಸರು. ಲೋಕವು ಕೊಡುವ ರೀತಿಯಲ್ಲಿ ನಾನು ಕೊಡುವುದಿಲ್ಲ ಎಂದು ಯೇಸು ಶಿಷ್ಯರಿಗೆ ಹೇಳಿದ ಮಾತನ್ನು ಓದುವಾಗಲೆಲ್ಲ ನನಗೆ ಆ ಪೀಠ ನೆನಪಾಗುತ್ತದೆ.

ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ. ಚರ್ಚಿನ) ಕರ್ತನ ಭೋಜನದ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚುವ, ಆರಾಧನೆಯಲ್ಲಿ, ಕಾಣಿಕೆಗೆ ಮುಂಚೆ, ಸಭಿಕರು ಪಕ್ಕದವರ ಕೈಹಿಡಿದು ಸಮಾಧಾನವನ್ನು ಹಂಚಿಕೊಳ್ಳುತ್ತಾರೆ. ನಿನ್ನ ಮೇಲೆ ಸಹೋದರನಿಗೆ ಏನೋ ಅಸಮಾಧಾನವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನ ಬಳಿಗೆ ಹೋಗು ಎಂದು ಮತ್ತಾಯ 5ರಲ್ಲಿದೆ. ಹೋಗಬೇಕಾದವನು ಅಲ್ಲಿಯೂ ನೊಂದವನಲ್ಲ.