ದನವಿಲ್ಲದ ಊರಿನ ಬೇಲಿ

ಶಿರಸಿಯಿಂದ ಅಮ್ಮ ಕಳಿಸಿದ ತೊಡದೇವಿನ, ಅಂದರೆ ನಮ್ಮ ಕಡೆಯ ತೆಳ್ಳನೆಯ ಗರಿಗರಿ ಸಿಹಿತಿಂಡಿಯ, ಡಬ್ಬಿ ಕಳೆದ ವಾರ ಬಂತು. ಅರ್ಧಕ್ಕರ್ಧ ಪುಡಿಯಾಗಿತ್ತು. ಮುರಿಯದೆ ಉಳಿದ ನಾಲ್ಕನ್ನು ಆರಿಸಿ ತಟ್ಟೆಯಲ್ಲಿಟ್ಟುಕೊಂಡು ಮಗಳು ಹಿತ್ತಿಲಿಗೆ ಓಡಿದಳು. ಅವಳ ತರಗತಿಯ ಗೆಳತಿಯ ಮನೆ ನಮ್ಮ ಹಿತ್ತಿಲ ಬೇಲಿಯ ಆಚೆಗೇ ಇದೆ. ಆಳೆತ್ತರದ ಹಲಗೆಯ ಬೇಲಿ. ಒಂದು ಹಲಗೆಯಲ್ಲಿ ಮರದ ಗಂಟು ಕಳಚಿ ಬಿದ್ದು ರೂಪಾಯಿ ನಾಣ್ಯದಷ್ಟು ತೂತಾಗಿದೆ. ಎಂಟು ವರ್ಷದ ಈ ಇಬ್ಬರು ತಾವು ಬಿಡಿಸಿದ ಚಿತ್ರಗಳನ್ನು ಬಿಗಿಯಾಗಿ ಸುರುಳಿ ಸುತ್ತಿ ಆ ತೂತಿನಿಂದ ಆಚೆ ಈಚೆ ದಾಟಿಸುತ್ತಾರೆ. ತೊಡದೇವು ಅದರಲ್ಲಿ ತೂರಲಿಲ್ಲ.

ಕಾರು ತೆಗೆದೆ. ನಮ್ಮ ಬೀದಿಗೆ ಒಂದೇ ಬಾಯಿ. ಅಲ್ಲಿಂದ ದೊಡ್ಡ ರಸ್ತೆ, ಸಿಗ್ನಲ್, ಇನ್ನೊಂದು ದೊಡ್ಡ ರಸ್ತೆ, ಅವರ ಬಡಾವಣೆಯ ಬಾಗಿಲು, ಒಳಗೆ ಎರಡು ತಿರುವು. ಹೆಚ್ಚು ಕಡಿಮೆ 3 ಕಿಲೋಮೀಟರ್, ಹನ್ನೊಂದು ನಿಮಿಷ. ಬೇಲಿ ಇಲ್ಲದಿದ್ದರೆ ನಲವತ್ತು ಹೆಜ್ಜೆ.

ಹಿಂತಿರುಗುವಾಗ ಹಿಂದಿನ ಸೀಟಿನಿಂದ ಮಗಳು ಕೇಳಿದಳು: "ಅಮ್ಮಾ, ಬೇಲಿ ದನಕ್ಕೆ, ದಣಪೆ ಮನುಷ್ಯರಿಗೆ ಎಂದು ಅಮ್ಮಮ್ಮ ಹೇಳಿದ್ದಳು. ಇಲ್ಲಿ ದನವೇ ಇಲ್ಲವಲ್ಲ. ಮತ್ತೆ ಈ ಬೇಲಿ ಯಾರಿಗೆ?" ದಣಪೆಯೆಂದರೆ ನಮ್ಮೂರ ಬೇಲಿಯಲ್ಲಿ ಜನ ದಾಟಲು ಇರುವ ಗಳದ ಬಾಗಿಲು.

ನನಗೆ ಉತ್ತರ ಹೊಳೆಯಲಿಲ್ಲ. ರಾತ್ರಿಯವರೆಗೂ ಹೊಳೆಯಲಿಲ್ಲ.

ನಾವಿರುವುದು ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಷಾರ್ಲೆಟ್ ನಗರದ ಅಂಚಿನಲ್ಲಿ. 1990ರಲ್ಲಿ ಇಲ್ಲಿ ನಾಲ್ಕು ಲಕ್ಷಕ್ಕೂ ತುಸು ಕಡಿಮೆ ಜನರಿದ್ದರು; 2020ರ ಗಣತಿಯ ಹೊತ್ತಿಗೆ 8,74,579 ಮಂದಿ. ಊರು ಹೀಗೆ ಹಬ್ಬುವಾಗ ಒಂದೊಂದು ಹೊಲವೂ ಕಾಡೂ ಒಂದೊಂದು ಬಡಾವಣೆಯಾಯಿತು. ಒಳಗೆ ಬೀದಿಗಳು ಬಳುಕುತ್ತಾ ಹೋಗಿ ದುಂಡಗೆ ಮುಗಿಯುತ್ತವೆ. ಪಕ್ಕದ ಬಡಾವಣೆಯ ಬೀದಿಯೂ ಹಾಗೆಯೇ ಬಂದು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತದೆ. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಮುಚ್ಚಿದ ಬೀದಿ ಶಾಂತ, ಮಕ್ಕಳಿಗೆ ಕ್ಷೇಮ ಎಂಬ ನಂಬಿಕೆಯಿಂದ 1930ರ ದಶಕದಲ್ಲಿ ಇಲ್ಲಿನ ಕೇಂದ್ರ ಸರ್ಕಾರದ ವಸತಿ ಸಂಸ್ಥೆಯೇ ಈ ಬಗೆಯ ವಿನ್ಯಾಸಕ್ಕೆ ಬೆನ್ನು ತಟ್ಟಿತ್ತು. ಆದರೆ ಒಳಗಿನ ದಾರಿಗಳು ಕೂಡಿಕೊಳ್ಳದಿದ್ದರೆ ಹಾಲಿಗೂ ಶಾಲೆಗೂ ಎಲ್ಲರೂ ಅದೇ ಒಂದು ದೊಡ್ಡ ರಸ್ತೆಗೇ ಬಂದು ಬೀಳಬೇಕು. ಅದನ್ನು ಎಷ್ಟು ಅಗಲ ಮಾಡಿದರೂ ಸಾಲದು.

ಷಾರ್ಲೆಟ್ ನಗರಾಡಳಿತವೇ ಅಗ್ನಿಶಾಮಕ ಠಾಣೆಗಳ ಲೆಕ್ಕ ಹಿಡಿದು ನೋಡಿದೆ. ಬೀದಿಗಳು ಒಂದಕ್ಕೊಂದು ಕೂಡುವ ಹಳೆಯ ಭಾಗಗಳಲ್ಲಿ ಒಂದು ಠಾಣೆ ಎಷ್ಟೋ ಹೆಚ್ಚು ಮನೆಗಳನ್ನು ಹೊತ್ತಿಗೆ ಸರಿಯಾಗಿ ತಲುಪುತ್ತದೆ. ತುಂಡುಬೀದಿಗಳ ಹೊಸ ಭಾಗಗಳಲ್ಲಿ ಅಷ್ಟು ಆಗುವುದಿಲ್ಲ. ದೇಶದುದ್ದಕ್ಕೂ ಬೀದಿಗಳು ಕೂಡುವ ಜಾಗಗಳನ್ನು ಎಣಿಸಿದ ಅಧ್ಯಯನವೊಂದರ ಪ್ರಕಾರ ಈ ತುಂಡುಬೀದಿಗಳ ಚಾಳಿ 1994ರ ಸುಮಾರಿಗೆ ತುತ್ತತುದಿ ಮುಟ್ಟಿ ಆಮೇಲೆ ಇಳಿಯತೊಡಗಿತು. ಇವರು ತಪ್ಪು ಮಾಡಿದರು, ಲೆಕ್ಕ ಹಾಕಿದರು, ತಿದ್ದಿಕೊಳ್ಳುತ್ತಿದ್ದಾರೆ. ನಮ್ಮ ಬೇಲಿಯವರೆಗೆ ಆ ತಿದ್ದುಪಡಿ ಬಂದಿಲ್ಲ. ಒಂದು ಸಣ್ಣ ಗೇಟು ಇಡಬಹುದೇ ಎಂದು ಮನೆಮಾಲೀಕರ ಸಂಘಕ್ಕೆ ಬರೆದಿದ್ದೆ. ಬಡಾವಣೆಯ ಗಡಿಬೇಲಿಗೆ ಬಾಗಿಲು ನಿಯಮದಲ್ಲಿಲ್ಲ ಎಂಬ ಉತ್ತರ ಬಂತು.

ದಣಪೆ ಹೇಗಿರುತ್ತದೆಂದು ಬಯಲುಸೀಮೆಯ ಓದುಗರಿಗೆ ಹೇಳಬೇಕು. ಬೇಲಿಯ ನಡುವೆ ಎರಡು ಮರದ ಕಂಬ, ಕಂಬಕ್ಕೆ ಮೂರು ಮೂರು ತೂತು, ತೂತಿಗೆ ಅಡ್ಡ ಸರಿಸಿದ ಬಿದಿರಿನ ಗಳ. ದನಕ್ಕೆ ಗಳ ಸರಿಸಲು ಬರುವುದಿಲ್ಲ, ಮನುಷ್ಯರಿಗೆ ಬರುತ್ತದೆ. ದಾಟಿದವರು ಮತ್ತೆ ಗಳ ಹಾಕಿ ಹೋಗಬೇಕು. ಹಾಕದೆ ಹೋದವರು ಯಾರೆಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ನಮ್ಮೂರು ಶಿರಸಿ ಪೇಟೆಗೆ ಹತ್ತಿರದ, ಬನವಾಸಿ ರಸ್ತೆಯ ಪಕ್ಕದ ಹಳ್ಳಿ. ನಾನು ಶಾಲೆಗೆ ಹೋಗುತ್ತಿದ್ದ ಕಾಲುದಾರಿಯಲ್ಲಿ ಮೂರು ದಣಪೆ, ಒಂದು ಅಡಿಕೆ ತೋಟ, ಹಳ್ಳಕ್ಕೆ ಅಡಿಕೆ ಮರದ ಸಂಕ, ಆಮೇಲೆ ಗದ್ದೆಯ ಅಂಚು. ದಾರಿ ಎರಡು ಮನೆಗಳ ಅಂಗಳದಲ್ಲೇ ಹಾದುಹೋಗುತ್ತಿತ್ತು. "ಆಸರಿಗೆ ಬೇಕೇ ಕೂಸೇ?" (ಕುಡಿಯಲು ಏನಾದರೂ ಬೇಕೇ) ಎಂದು ಕೇಳದೆ ಆ ಅಂಗಳಗಳು ಯಾರನ್ನೂ ದಾಟಲು ಬಿಡುತ್ತಿರಲಿಲ್ಲ. ಪೇಟೆಯೂ ಹಾಗೆಯೇ ಇತ್ತು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಯಲ್ಲಿ ಬಿಡ್ಕಿ ಬೈಲಿನ ಸುತ್ತ ಕಾಲಿಡಲು ಜಾಗವಿಲ್ಲದಾಗ ಅಪ್ಪ ನಮ್ಮ ಕೈ ಹಿಡಿದು ಯಾವುದೋ ಓಣಿಗೆ ನುಗ್ಗಿ, ಇನ್ಯಾವುದೋ ಓಣಿಯಿಂದ ಹೊರಗೆ ತರುತ್ತಿದ್ದರು.

ಮಗಳು ಆ ಕಾಲುದಾರಿಯನ್ನು ಕಳೆದ ವರ್ಷ ಜೂನ್ ಮಳೆಯಲ್ಲಿ ನೋಡಿದ್ದಾಳೆ. ಸಂಕದ ಮೇಲೆ ಹೆದರಿ ನಿಂತಾಗ ಅಮ್ಮ ಕೊಡೆಯ ತುದಿ ಚಾಚಿ ದಾಟಿಸಿದ್ದಳು.

ಅವಳಿಗೆ ನಾನು ಇನ್ನೂ ಹೇಳದ ವಿಷಯವೊಂದಿದೆ. ಕೊನೆಯ ದಣಪೆಯಾಚೆಗಿದ್ದ ನಮ್ಮ ಗದ್ದೆಯನ್ನು ಮಾರಿದೆವು. ಗೇಯಲು ಜನರಿಲ್ಲ, ಅಮ್ಮನಿಗೆ ವಯಸ್ಸಾಯಿತು. ನಾನೂ ಇಲ್ಲಿಂದಲೇ ಸಹಿ ಮಾಡಿದೆ. ಈಗ ಅಲ್ಲಿ ಲೇಔಟ್ ಆಗಿದೆ. ಮಳೆ ನಿಂತ ಮೇಲೆ ತಮ್ಮ ಫೋಟೋ ಕಳಿಸಿದ್ದ: ಸುತ್ತ ಚಿರೆಕಲ್ಲಿನ ಗೋಡೆ, ಹೆದ್ದಾರಿಯ ಕಡೆಗೆ ಒಂದೇ ಕಮಾನು. ಪಕ್ಕದಲ್ಲಿ ಇನ್ನೊಂದು ಲೇಔಟ್, ಅದಕ್ಕೂ ಒಂದೇ ಕಮಾನು. ಶಾಲೆಯ ಮಕ್ಕಳು, ಡೇರಿಗೆ ಹಾಲು ಒಯ್ಯುವವರು ಲಾರಿ ಓಡುವ ರಸ್ತೆಯಂಚಿನಲ್ಲಿ ಸುತ್ತಿ ಹೋಗುತ್ತಾರೆ. ಕ್ರಯಪತ್ರದಲ್ಲಿ ಗುಂಟೆಗಳಿದ್ದವು, ಚಕ್ಕುಬಂದಿ ಇತ್ತು, ದಾರಿಯ ಮಾತೇ ಇರಲಿಲ್ಲ. ಅದು ಊರವರ ಕಾಲಿನಲ್ಲಿತ್ತು, ಕಾಗದದಲ್ಲಿರಲಿಲ್ಲ. ಬರೆಸಬೇಕೆಂದು ನನಗೆ ತೋಚಲಿಲ್ಲ. ನಾನು ಬದುಕುತ್ತಿದ್ದುದೇ ಅಂಥ ಗೋಡೆಯ ಒಳಗೆ, ತೋಚಬೇಕಿತ್ತು.

ಮೊನ್ನೆ ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಗುರುತಿಸಿರುತ್ತಾರೆ, ಮೊದಲು ಅದನ್ನು ತೆಗೆಸು ಎಂದೆ. ಅದರಲ್ಲಿ ಇಲ್ಲದಿದ್ದರೂ 1882ರ ಈಸ್‌ಮೆಂಟ್ ಕಾಯ್ದೆ ಇದೆ. ಅಡ್ಡಿಯಿಲ್ಲದೆ, ಬಹಿರಂಗವಾಗಿ, ಹಕ್ಕಿನಂತೆ 20 ವರ್ಷ ನಡೆದಾಡಿದವರಿಗೆ ದಾರಿಯ ಹಕ್ಕು ಕೇಳಲು ಅವಕಾಶವಿದೆ.

"ಅಕ್ಕಾ, ಕೋರ್ಟಿಗೆ ಹೋಗುವವರು ಯಾರು? ನಾಳೆ ಅವರ ಮುಖವನ್ನೇ ನೋಡಬೇಕಲ್ಲ" ಎಂದ.

"ಕೋರ್ಟು ಬೇಡ. ಗೋಡೆಯಲ್ಲಿ ನಾಲ್ಕು ಅಡಿ ಬಿಡಲಿ. ಸೈಟು ಕೊಂಡವರ ಮಕ್ಕಳೂ ಅದೇ ಶಾಲೆಗೆ ಹೋಗುವವರು, ಅವರನ್ನೂ ಕರೆದುಕೊಂಡು ಹೋಗಿ ಕೇಳು. ಎರಡು ಲೇಔಟಿನ ನಡುವೆಯೂ ಈಗಲೇ ಕೇಳು. ಮನೆಗಳೆದ್ದ ಮೇಲೆ ಆಗುವುದಿಲ್ಲ."

ಅವನು ಹೂಂ ಎಂದ. ಅಮ್ಮ ಫೋನ್ ತೆಗೆದುಕೊಂಡಳು. ತೊಡದೇವು ಪುಡಿಯಾಯಿತೇ ಎಂದು ಮೊದಲು ಕೇಳಿ, ಆಮೇಲೆ ಹೇಳಿದಳು: "ದಣಪೆಯ ಗಳವನ್ನು ಒಲೆಗೆ ಹಾಕಲು ಮನಸ್ಸಾಗಲಿಲ್ಲ ಕೂಸೇ. ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟಿದ್ದೇನೆ. ಹುಳ ಹಿಡಿಯುವುದರೊಳಗೆ ಏನಾದರೂ ಮಾಡಿ."